ಅವನು ಬಾಯಿಬಿಟ್ಟು ಕೇಳಿದನಲ್ಲ, ಅದು ನಿಮ್ಮ ಪುಣ್ಯ

‘ಬ್ಯಾಂಡ್‌ನಲ್ಲಿ ಜೊತೆಗಿದ್ದ ಗೆಳೆಯ ಇಷ್ಟು ವರ್ಷ ಸುಮ್ನಿದ್ದು, ಈಗ ಹಳೇ ಹಾಡಿಗೆ ತನ್ನ ಹೆಸರೂ ಸೇರಿಸು ಅಂತಿದ್ದಾನೆ. ಹಕ್ಕು ಬಿಡಲಾ, ಗೆಳೆತನ ಬಿಡಲಾ?’ ಅಂತ ಕೇಳಿದ್ದೀರಿ. ನನ್ನ ಗೆಳೆಯನೂ ಹೀಗೇ ಸುಮ್ನಿದ್ದ. ಆದರೆ ಅವನು ಕೊನೆಯವರೆಗೂ ಕೇಳಲೇ ಇಲ್ಲ.

1984ರಲ್ಲಿ ನಮಗೆ 22 ವರ್ಷ. ನಾಲ್ಕು ಜನ. ಎರಡು ಗಿಟಾರ್, ಬಾಡಿಗೆ ಡ್ರಮ್ಸ್, ಅವನ ಕೈಯಲ್ಲಿ ಬೇಸ್ ಗಿಟಾರ್. ಆಗ ನಾವು ಮಾಡುತ್ತಿದ್ದಂಥ ಸಂಗೀತವನ್ನು ಸುತ್ತಮುತ್ತ ಯಾರೂ ಮಾಡುತ್ತಿರಲಿಲ್ಲ. ಒಂದೇ ದಿನದಲ್ಲಿ ಆರು ಹಾಡು ರೆಕಾರ್ಡ್ ಮಾಡಿ ಕ್ಯಾಸೆಟ್ ತಂದೆವು. ಅದರಲ್ಲಿ ಒಂದು ಹಾಡು ಜನರ ಬಾಯಿಗೆ ಬಿತ್ತು. ಮಾತು ನನ್ನದು, ಪಲ್ಲವಿಯ ಟ್ಯೂನ್ ನನ್ನದು. ಆದರೆ ಹಾಡು ಶುರುವಾಗುವ ಆ ಏಳು ಸ್ವರ ಅವನದು. ಚರಣವನ್ನು ನಾನು ಕೆಳಗೆ ಇಳಿಸುತ್ತಿದ್ದೆ. ‘ಅಲ್ಲಿ ಮೇಲೆ ಹೋಗೋ, ಆಮೇಲೆ ಇಳಿ’ ಅಂದವನೂ ಅವನೇ. ಇವತ್ತಿಗೂ ಜನ ಗುನುಗುವುದು ಆ ಶುರುವನ್ನು, ನನ್ನ ಪಲ್ಲವಿಯನ್ನಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಕ್ಯಾಸೆಟ್ ಡಬ್ಬಿಯೊಳಗಿನ ಚೀಟಿಗೆ ಏನು ಅಚ್ಚು ಹಾಕಬೇಕೋ ಅದನ್ನು ಬೆಳಗ್ಗೆಯೊಳಗೆ ಬರೆದುಕೊಡಬೇಕಿತ್ತು. ರಾತ್ರಿ ಒಬ್ಬನೇ ಕೂತೆ. ‘ಸಾಹಿತ್ಯ, ಸಂಗೀತ’ ಅಂತ ಬರೆದು ಮುಂದೆ ನನ್ನ ಹೆಸರು ಬರೆದೆ. ಪೆನ್ನು ಅಲ್ಲೇ ನಿಂತಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಹಾಡುವವನು ಹಾಡುವುದೇ ಟ್ಯೂನ್, ವಾದ್ಯ ನುಡಿಸುವುದು ಬರೀ ಜೊತೆ ಕೊಡುವುದು ಅಂತ ನನಗೆ ನಾನೇ ಹೇಳಿಕೊಂಡೆ. ಕೆಳಗೆ ‘ಬೇಸ್ ಗಿಟಾರ್’ ಅಂತ ಅವನ ಹೆಸರು ಬರುತ್ತದಲ್ಲ, ಸಾಕು ಅಂದುಕೊಂಡೆ. ಸಾಲಿನಲ್ಲಿ ಎರಡು ಹೆಸರಿಗೆ ಜಾಗ ಇಲ್ಲ ಅಂತಲೂ ಅಂದುಕೊಂಡೆ. ಜಾಗ ಇತ್ತು. ಕೇಳೋಣ ಅಂದರೆ ಅವನು ಊಟ ಮಾಡಿ ಮಲಗಿರುತ್ತಾನೆ ಅಂತ ಇನ್ನೊಂದು ನೆಪ. ಅವನ ಮನೆ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಹೋಗಿ ಕೇಳಿದ್ದರೆ ಅವನು ‘ಹೂಂ, ನನ್ನ ಹೆಸರೂ ಹಾಕು’ ಅನ್ನುತ್ತಿದ್ದ. ಅದು ಗೊತ್ತಿದ್ದೇ ಹೋಗಲಿಲ್ಲ.

ಕ್ಯಾಸೆಟ್ ಬಂದ ದಿನ ಅವನು ಚೀಟಿ ಬಿಡಿಸಿ ಓದಿದ. ಇದ್ದ ಮಡಿಕೆಯಲ್ಲೇ ಮಡಚಿ ಒಳಗಿಟ್ಟ. ‘ಪ್ರಿಂಟ್ ಚೆನ್ನಾಗಿ ಬಂದಿದೆ’ ಅಂದ. ಅಷ್ಟೇ.

ಬ್ಯಾಂಡ್ ಮೂರು ವರ್ಷಕ್ಕೆ ನಿಂತಿತು. ಗೆಳೆತನ ನಿಲ್ಲಲಿಲ್ಲ. ನನಗೆ ಆಪರೇಷನ್ ಆದಾಗ ರಕ್ತ ಕೊಟ್ಟವನು ಅವನು. ನನ್ನ ಮಗಳಿಗೆ ಗಿಟಾರ್ ಹಿಡಿಯಲು ಕಲಿಸಿದವನು ಅವನು. ಆದರೆ ನಾಲ್ಕು ಜನ ಸೇರಿದಾಗ ಯಾರಾದರೂ ಆ ಹಾಡು ನುಡಿಸು ಅಂದರೆ, ‘ಅದು ಅವನ ಹಾಡು’ ಅಂತ ನನ್ನ ಕಡೆ ತೋರಿಸುತ್ತಿದ್ದ. ಅದು ಅಭಿಮಾನ ಅಂತ ನಾನು ಖುಷಿಪಡುತ್ತಿದ್ದೆ.

2016ರಲ್ಲಿ ಮಗಳು ಆ ಶುರುವನ್ನು ಹೇಳಿಕೊಡು ಅಂತ ಅವನನ್ನು ಕೇಳಿದಳು. ‘ನಿಮ್ಮಪ್ಪನ ಹತ್ತಿರ ಕಲಿ ಪುಟ್ಟಾ’ ಅಂದನಂತೆ. ಅವಳು ಗಿಟಾರ್ ಹಿಡಿದು ನನ್ನ ಮುಂದೆ ಕೂತಳು. ನನಗೆ ಬರಲಿಲ್ಲ. ನನ್ನ ಹೆಸರಿದ್ದ ಹಾಡು, ನನ್ನ ಬೆರಳಿಗೇ ಗೊತ್ತಿರಲಿಲ್ಲ. ಅವತ್ತು ಸಂಜೆಯೇ ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: ‘ಆ ರಾತ್ರಿ ನಾನು ಎದ್ದೇ ಇದ್ದೆ ಕಣೋ.’

ಹಾಗಾಗಿ, ‘ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ’ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಾನೂನು ಕೂಡ ಎಲ್ಲ ಸಲವೂ ಅದನ್ನು ಒಪ್ಪಲೇಬೇಕು ಅಂತಿಲ್ಲ. ಇಂಗ್ಲೆಂಡಿನ ಪ್ರೋಕಲ್ ಹ್ಯಾರಮ್ ಬ್ಯಾಂಡ್‌ನ 1967ರ ಪ್ರಸಿದ್ಧ ಹಾಡು ‘ಎ ವೈಟರ್ ಶೇಡ್ ಆಫ್ ಪೇಲ್’ ಇದೆಯಲ್ಲ, ಅದರ ಆರ್ಗನ್ (ಕೀಬೋರ್ಡ್‌ನಂಥ ವಾದ್ಯ) ಭಾಗ ಮಾಡಿದ್ದು ಮ್ಯಾಥ್ಯೂ ಫಿಶರ್. ಹಾಡಿನ ಕೆಳಗೆ ಅವರ ಹೆಸರಿರಲಿಲ್ಲ. ಅವರು ಕೋರ್ಟಿಗೆ ಹೋಗಿದ್ದು 2005ರಲ್ಲಿ, 38 ವರ್ಷ ಆದಮೇಲೆ. 2006ರಲ್ಲಿ ಸಂಗೀತದ ಹಕ್ಕಿನಲ್ಲಿ 40% ಪಾಲು ಅವರದು ಅಂತ ತೀರ್ಪಾಯಿತು. ಮೇಲ್ಮನವಿಗಳೆಲ್ಲ ಮುಗಿದು 2009ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ ಅವರ ಪರ ನಿಂತಿತು. ವಾದ್ಯ ನುಡಿಸುವುದು ಬರೀ ಜೊತೆ ಕೊಡುವುದು ಅಂತ ನಾನು ಹೇಳಿಕೊಂಡಿದ್ದೆನಲ್ಲ, ಅದೂ ಅಲ್ಲಿಗೆ ಮುಗಿಯಿತು. ಇನ್ನೊಂದು ಕಡೆ ಅಮೆರಿಕದ ರಾಕ್ ಬ್ಯಾಂಡ್ ಆರ್‌.ಇ.ಎಂ. ನೋಡಿ. ಯಾರು ಏನೇ ಮಾಡಿರಲಿ, ನಾಲ್ವರೂ ಒಟ್ಟಿಗಿದ್ದಷ್ಟು ಕಾಲ ತಮ್ಮ ಹಾಡುಗಳಿಗೆ ನಾಲ್ವರ ಹೆಸರನ್ನೂ ಹಾಕಿದರು. ಡ್ರಮ್ಸ್‌ನವರು 1997ರಲ್ಲಿ ಬಿಟ್ಟರು, ಬ್ಯಾಂಡ್ 2011ರಲ್ಲಿ ಮುಗಿಯಿತು, 2024ರಲ್ಲಿ ನಾಲ್ವರೂ ಮತ್ತೆ ಒಂದೇ ವೇದಿಕೆ ಹತ್ತಿ ಹಾಡಿದರು. ಅದನ್ನು ನೋಡಿ ನಾನು ಅತ್ತಿದ್ದೇನೆ.

ನೀವು ಹಕ್ಕು, ಗೆಳೆತನ ಅಂತ ಎರಡು ತಟ್ಟೆ ಇಟ್ಟು ತೂಗುತ್ತಿದ್ದೀರಿ. ಅವನು ಆ ಹಾಡಿನಲ್ಲಿ ಏನು ಮಾಡಿದ್ದ ಅಂತ ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲೂ ಇಲ್ಲ. ಮೊದಲು ಅದನ್ನು ನೆನಪು ಮಾಡಿಕೊಳ್ಳಿ. ಆಮೇಲೆ ಒಂದು ಹಾಳೆ ತಗೊಂಡು ಹೋಗಿ. ಮಾತು ಯಾರದು, ಟ್ಯೂನ್ ಯಾರದು, ಯಾರಿಗೆ ಎಷ್ಟು ಪಾಲು ಅಂತ ಬರೆದು ಇಬ್ಬರೂ ಸಹಿ ಹಾಕಿ. ಹಾಡಿನ ಹಕ್ಕು ಯಾರ ಹತ್ತಿರ ಇದೆಯೋ ಅವರಿಗೂ, ರಾಯಲ್ಟಿ ಹಂಚುವ ಸಂಸ್ಥೆಗೂ ಅದರ ಪ್ರತಿ ಕಳಿಸಿ. ರೆಕಾರ್ಡಿಂಗ್‌ನ ಹಕ್ಕು ಬೇರೆ, ಹಾಡಿನ (ಅಂದರೆ ಮಾತು, ಟ್ಯೂನ್‌ನ) ಹಕ್ಕು ಬೇರೆ, ಎರಡನ್ನೂ ಒಂದೇ ಪತ್ರದಲ್ಲಿ ಕಲಸಬೇಡಿ. ತಡ ಮಾಡಲೂ ಬೇಡಿ. ನಮ್ಮ ಹಾಡಿನ ಹಕ್ಕು ಆ ಹೊತ್ತಿಗೆ ಎರಡು ಕೈ ದಾಟಿತ್ತು, ಹೆಸರು ತಿದ್ದಿಸುವಷ್ಟರಲ್ಲಿ ಎರಡು ವರ್ಷ ಹೋಯಿತು. ಅಷ್ಟರಲ್ಲಿ ಕೀಲುನೋವಿನಿಂದ ಅವನ ಎಡಗೈ ಬೆರಳು ಮಡಚದಂತೆ ಆಗಿತ್ತು. ಆ ಏಳು ಸ್ವರವನ್ನು ಅವನು ಬಾಯಲ್ಲಿ ಗುನುಗಿ ನನ್ನ ಮಗಳಿಗೆ ಹೇಳಿಕೊಟ್ಟ.

ನಿಮ್ಮ ಬ್ಯಾಂಡ್‌ನಲ್ಲಿ ಇನ್ನೂ ಇಬ್ಬರು ಇದ್ದರು ಅಂತ ಬರೆದಿದ್ದೀರಿ. ಅವರನ್ನೂ ಕೇಳಿ.