ಕಪ್ ಗೆದ್ದವರು ಯಾರು ಅಂತ ನೀವು ಬರೆಯಲೇ ಇಲ್ಲ

ಪ್ರಿಯರೇ,

‘ದುಡ್ಡಲ್ಲ, ಬುದ್ಧಿ ಗೆಲ್ಲುತ್ತೆ’ ಲೇಖನ ಓದಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಚಾಂಪಿಯನ್ ಆಗುವುದು ಹಣ ಸುರಿಯುವ ತಂಡವೋ, ಕೈ ಬಿಗಿಹಿಡಿದು ಜಾಣತನದಿಂದ ಕಟ್ಟಿದ ತಂಡವೋ ಎಂದು ಕೇಳಿ, 2002ರ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡವನ್ನು ಮುಂದಿಟ್ಟು ಎರಡನೆಯದೇ ಸರಿ ಎಂದು ತೀರ್ಪು ಕೊಟ್ಟಿದ್ದೀರಿ. ಭಾಷೆ ಸಲೀಸಾಗಿದೆ. ಆಟ ನೋಡದವರಿಗೂ ಅರ್ಥವಾಗುತ್ತದೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು, ಅವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೂರನೇ ಪ್ಯಾರಾ ತೆಗೆಯಿರಿ. ‘ಸುಮಾರು 40 ಮಿಲಿಯನ್ ಡಾಲರ್ ಸಂಬಳದ ಓಕ್‌ಲ್ಯಾಂಡ್ 103 ಪಂದ್ಯ ಗೆದ್ದಿತು, 125 ಮಿಲಿಯನ್ ಸುರಿದ ಯಾಂಕೀಸ್ ಕೂಡ 103 ಗೆದ್ದಿತು. ಹೀಗೆ ಬಡವರು ಶ್ರೀಮಂತರನ್ನು ಮಣಿಸಿದರು.’ ಅಂಕಿಗಳು ಸರಿಯಾಗಿವೆ. ಎರಡನೇ ವಾಕ್ಯ ಎಲ್ಲಿಂದ ಬಂತು? ಸಮಸಮ ಗೆದ್ದರೆ ಮಣಿಸಿದ ಹಾಗಾಗುತ್ತದೆಯೇ? ಅದಿರಲಿ, ನಿಮ್ಮ ಪ್ರಶ್ನೆ ಚಾಂಪಿಯನ್ ಪಟ್ಟದ್ದು. 2002ರ ಚಾಂಪಿಯನ್ ಯಾರು ಎಂದು ಇಡೀ ಲೇಖನದಲ್ಲಿ ಒಂದು ಕಡೆಯೂ ಇಲ್ಲ.

ಅನಾಹೈಮ್ ಏಂಜಲ್ಸ್. ಓಕ್‌ಲ್ಯಾಂಡ್‌ನದೇ ವಿಭಾಗದಲ್ಲಿ 99 ಪಂದ್ಯ ಗೆದ್ದು ಎರಡನೇ ಸ್ಥಾನದಲ್ಲಿದ್ದ ತಂಡ. ಸಂಬಳದಲ್ಲಿ 30 ತಂಡಗಳ ನಟ್ಟನಡುವೆ ಇತ್ತು, ಅತಿ ಖರ್ಚಿನದೂ ಅಲ್ಲ, ಅತಿ ಮಿತವ್ಯಯದ್ದೂ ಅಲ್ಲ. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಯಾಂಕೀಸನ್ನು 3–1ರಿಂದ ಹೊರಗಟ್ಟಿದ್ದೂ ಅದೇ. ಅದೇ ಸುತ್ತಿನಲ್ಲಿ ಓಕ್‌ಲ್ಯಾಂಡ್ ಮಿನೆಸೋಟ ಟ್ವಿನ್ಸ್‌ಗೆ 3–2ರಿಂದ ಸೋತಿತು. 2000ದಿಂದ 2003ರವರೆಗೆ ನಾಲ್ಕೂ ವರ್ಷ ಓಕ್‌ಲ್ಯಾಂಡ್ ಸೋತದ್ದು ಮೊದಲ ಸುತ್ತಿನ ಐದನೇ ಪಂದ್ಯದಲ್ಲೇ. ಲೇಖನ ಶುರುವಾಗಬೇಕಿದ್ದ ಜಾಗ ಇದು. ನೀವು ಅದನ್ನು ದಾಟಿಕೊಂಡು ಹೋಗಿದ್ದೀರಿ.

ನಾನು ಡೆಸ್ಕಿನಲ್ಲಿ ಕೆಲಸ ಕಲಿಯುವಾಗ ಕ್ರೀಡಾ ಪುಟಕ್ಕೆ ಒಂದು ಕಟ್ಟುನಿಟ್ಟಿತ್ತು. ಪ್ರತಿ ಅಂಕಿಯ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ‘ಯಾರದು, ಯಾವ ವರ್ಷದ್ದು, ಯಾವುದಕ್ಕೆ ಉತ್ತರ’ ಎಂದು ಬರೆಯಬೇಕಿತ್ತು. ಉತ್ತರ ಸಿಗದ ಅಂಕಿ ಪುಟದಿಂದ ಹೊರಗೆ. ನಿಮ್ಮ 103ಕ್ಕೆ ಅಂಚಿನಲ್ಲಿ ಏನು ಬರೆಯುತ್ತೀರಿ? ಅದು ‘ಯಾರು ಪ್ಲೇಆಫ್‌ಗೆ ಬರುತ್ತಾರೆ’ ಎಂಬ ಪ್ರಶ್ನೆಗೆ ಉತ್ತರ. ‘ಯಾರು ಕಪ್ ಎತ್ತುತ್ತಾರೆ’ ಎಂಬುದು ಬೇರೆ ಪ್ರಶ್ನೆ.

ಯಾಕೆ ಬೇರೆ ಎಂದು ಓದುಗರಿಗೆ ಲೆಕ್ಕ ಹಾಕಿ ತೋರಿಸಿ. ಎದುರಾಳಿಯ ಮೇಲೆ ನೂರರಲ್ಲಿ 55 ಪಂದ್ಯ ಗೆಲ್ಲಬಲ್ಲ ತಂಡ ಇದೆ ಎಂದುಕೊಳ್ಳಿ. ಐದು ಪಂದ್ಯಗಳ ಸರಣಿಯನ್ನು ಅದು ಗೆಲ್ಲುವ ಸಾಧ್ಯತೆ ಸುಮಾರು ಶೇ 59, ಏಳು ಪಂದ್ಯಗಳ ಸರಣಿಯಲ್ಲಿ ಶೇ 61. ಕಪ್ ಎತ್ತಲು ಗೆಲ್ಲಬೇಕಾದ್ದು ಒಂದು ಐದರ ಸರಣಿ, ಎರಡು ಏಳರ ಸರಣಿ, ಮೂರರ ಸಾಧ್ಯತೆಯನ್ನೂ ಗುಣಿಸಿದರೆ ಶೇ 22. ಎಲ್ಲರಿಗಿಂತ ಬಲವಾದ ತಂಡಕ್ಕೂ ಐದು ವರ್ಷದಲ್ಲಿ ಒಂದು ಕಪ್ ಸಿಕ್ಕರೆ ಅದು ನ್ಯಾಯವಾದ ಪಾಲು. 162 ಪಂದ್ಯಗಳ ಸೀಸನ್‌ನಲ್ಲಿ ಅದೃಷ್ಟ ಸವೆದು ಹೋಗುತ್ತದೆ, ಪ್ಲೇಆಫ್ ನಡೆಯುವ ಅಕ್ಟೋಬರ್‌ನಲ್ಲಿ ಸವೆಯುವಷ್ಟು ಪಂದ್ಯಗಳೇ ಇಲ್ಲ. 2001ರಿಂದ 2008ರವರೆಗೆ ಯಾಂಕೀಸ್ ಎಲ್ಲರಿಗಿಂತ ಹೆಚ್ಚು ಖರ್ಚು ಮಾಡಿಯೂ ಒಂದು ಕಪ್ ಗೆಲ್ಲಲಿಲ್ಲ. 2009ಕ್ಕೆ ಸಬಾತಿಯಾ, ಟೆಷೇರಾ, ಬರ್ನೆಟ್ ಎಂಬ ಮೂವರು ಆಟಗಾರರಿಗೇ 423.5 ಮಿಲಿಯನ್ ಡಾಲರ್ ಒಪ್ಪಂದ ಮಾಡಿ ಆ ವರ್ಷ ಗೆದ್ದಿತು. ಈ ಎರಡೂ ಸಂಗತಿ ಒಂದೇ ಪ್ಯಾರಾದಲ್ಲಿ ಇರಬೇಕು. ಬರೀ ಒಂದನ್ನು ಆರಿಸಿಕೊಂಡರೆ ಏನನ್ನು ಬೇಕಾದರೂ ಸಾಧಿಸಬಹುದು.

ಎರಡನೇ ಸಿಟ್ಟು ಐದನೇ ಪ್ಯಾರಾದ ಮೇಲೆ. ‘ಯಾರಿಗೂ ಬೇಡವಾದ ಆಟಗಾರರನ್ನು ಅಗ್ಗಕ್ಕೆ ಕೊಂಡು ಓಕ್‌ಲ್ಯಾಂಡ್ ಗೆದ್ದಿತು.’ ಸ್ಕಾಟ್ ಹ್ಯಾಟ್‌ಬರ್ಗ್ ಮಟ್ಟಿಗೆ ಇದು ನಿಜ. ಆ ವರ್ಷ ತಂಡಕ್ಕೆ ಸತತ 20ನೇ ಗೆಲುವು ತಂದ ಹೋಮ್ ರನ್ ಅವರದೇ. ಆದರೆ ಆ ತಂಡವನ್ನು ಹೊತ್ತವರು ಯಾರು? ಚೆಂಡೆಸೆಯುವ ಪಿಚರ್‌ಗಳಾದ ಟಿಮ್ ಹಡ್ಸನ್, ಮಾರ್ಕ್ ಮಲ್ಡರ್, ಬ್ಯಾರಿ ಝೀಟೊ. ಬ್ಯಾಟಿಂಗ್‌ನಲ್ಲಿ ಮಿಗೆಲ್ ತೆಹಾಡ, ಎರಿಕ್ ಚಾವೆಸ್. ಝೀಟೊಗೆ ಆ ವರ್ಷ ಅಮೆರಿಕನ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ತೆಹಾಡಗೆ ಅತ್ಯಮೂಲ್ಯ ಆಟಗಾರ ಪ್ರಶಸ್ತಿ. ಇವರನ್ನು ‘ಯಾರಿಗೂ ಬೇಡವಾದವರು’ ಎನ್ನಬಹುದೇ? ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮಲ್ಡರ್ 1998ರಲ್ಲಿ ಎರಡನೆಯವರಾಗಿ, ಝೀಟೊ 1999ರಲ್ಲಿ ಒಂಬತ್ತನೆಯವರಾಗಿ, ಚಾವೆಸ್ 1996ರಲ್ಲಿ ಹತ್ತನೆಯವರಾಗಿ ಆಯ್ಕೆಯಾದವರು. ಅಷ್ಟು ಮುಂಚಿನ ಸರದಿ ಸಿಕ್ಕಿದ್ದು ಓಕ್‌ಲ್ಯಾಂಡ್ ಅದಕ್ಕೂ ಹಿಂದಿನ ಸೀಸನ್‌ಗಳಲ್ಲಿ ಸೋತು ಕೆಳಗಿದ್ದುದರಿಂದ.

ಇವರು ಅಗ್ಗವಾಗಿದ್ದುದಕ್ಕೆ ಕಾರಣ ಚೌಕಾಸಿ ಅಲ್ಲ, ನಿಯಮ. ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ಗೆ ಬಂದ ಆಟಗಾರ ಆರು ವರ್ಷದ ಸೇವೆ ಮುಗಿಸುವವರೆಗೆ ಫ್ರೀ ಏಜೆಂಟ್ ಆಗಲಾರ, ಅಂದರೆ ತನಗೆ ಬೇಕಾದ ತಂಡದ ಜೊತೆ ಒಪ್ಪಂದ ಮಾಡಿಕೊಳ್ಳಲಾರ. ಮೊದಲ ಮೂರು ವರ್ಷ ಬಹುತೇಕ ಕನಿಷ್ಠ ಸಂಬಳಕ್ಕೆ ಹತ್ತಿರ, ಆಮೇಲಿನ ಮೂರು ವರ್ಷ ಪಂಚಾಯಿತಿದಾರರ ಮುಂದೆ ಸಂಬಳ ಕೇಳುವ ಹಕ್ಕು. 2002ರಲ್ಲಿ ಆ ಕನಿಷ್ಠ ಸಂಬಳ 2 ಲಕ್ಷ ಡಾಲರ್, 2025ರಲ್ಲಿ 7.6 ಲಕ್ಷ. ಅವಧಿ ಮುಗಿದ ಮೇಲೆ ಏನಾಯಿತು ನೋಡಿ. ಓಕ್‌ಲ್ಯಾಂಡ್‌ನಲ್ಲಿದ್ದ ಜೇಸನ್ ಜಿಯಾಂಬಿ 2001ರ ಕೊನೆಗೆ 120 ಮಿಲಿಯನ್‌ಗೆ ಯಾಂಕೀಸ್ ಸೇರಿದರು. ತೆಹಾಡ 72 ಮಿಲಿಯನ್‌ಗೆ ಬಾಲ್ಟಿಮೋರ್‌ಗೆ ಹೋದರು, ಝೀಟೊ 126 ಮಿಲಿಯನ್‌ಗೆ ಸ್ಯಾನ್ ಫ್ರಾನ್ಸಿಸ್ಕೊಗೆ. ಮಿತವ್ಯಯದ ತಂಡಕ್ಕೆ ಗೆಲ್ಲಲು ಸಿಗುವುದು ಮೂರು ನಾಲ್ಕು ವರ್ಷದ ಕಿಟಕಿ. ಅಷ್ಟರಲ್ಲಿ ಅಕ್ಟೋಬರ್ ಒಲಿಯದಿದ್ದರೆ ಮತ್ತೆ ಮೊದಲಿನಿಂದ ಶುರು.

ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದ ಬಗ್ಗೆ ನೀವು ಬರೆದ ಸಾಲಿಗೂ ಇದೇ ರೋಗ. ‘ಒಹ್ಟಾನಿಗೆ ವರ್ಷಕ್ಕೆ 70 ಮಿಲಿಯನ್ ಕೊಡುವ ತಂಡ ಗೆಲ್ಲದೆ ಇರುತ್ತದೆಯೇ’ ಎಂದಿದ್ದೀರಿ. ಹತ್ತು ವರ್ಷಕ್ಕೆ 700 ಮಿಲಿಯನ್ ಎಂಬುದು ಸರಿ, ಆದರೆ ಅದರಲ್ಲಿ 680 ಮಿಲಿಯನ್ ಕೊಡುವುದು 2034ರಿಂದ ಆಚೆಗೆ. ಈಗ ಕೈಗೆ ಬರುವುದು ವರ್ಷಕ್ಕೆ 2 ಮಿಲಿಯನ್, ತಂಡದ ಒಟ್ಟು ಸಂಬಳ ಒಂದು ಮೊತ್ತ ದಾಟಿದರೆ ಲೀಗ್ ಹಾಕುವ ಐಷಾರಾಮಿ ತೆರಿಗೆಯ ಲೆಕ್ಕದಲ್ಲಿ ಹಿಡಿಯುವುದು ಸುಮಾರು 46 ಮಿಲಿಯನ್. ಒಬ್ಬನೇ ಆಟಗಾರನಿಗೆ ಮೂರು ಅಂಕಿ. ಯಾವುದನ್ನು ಬಳಸುತ್ತೀರೋ ಹೇಳಿ ಬಳಸಿ. ಹಾಗೆಯೇ 2002ರ ಡಾಲರನ್ನು 2025ರ ಡಾಲರ್ ಪಕ್ಕ ಇಡಬೇಡಿ. ಆಯಾ ವರ್ಷದ ಲೀಗ್ ಸರಾಸರಿಗೆ ಎಷ್ಟು ಪಟ್ಟು ಎಂದು ಬರೆಯಿರಿ.

ಡಾಡ್ಜರ್ಸ್ ಬರೀ ದುಡ್ಡಿನ ತಂಡ ಎಂಬುದೂ ತಪ್ಪು. ಮ್ಯಾಕ್ಸ್ ಮನ್ಸಿಯನ್ನು 2017ರಲ್ಲಿ ಕೈಬಿಟ್ಟದ್ದು ಇದೇ ಓಕ್‌ಲ್ಯಾಂಡ್. ಡಾಡ್ಜರ್ಸ್ ಅವರನ್ನು ಕೆಳಹಂತದ ಮೈನರ್ ಲೀಗ್ ಒಪ್ಪಂದಕ್ಕೆ ತೆಗೆದುಕೊಂಡಿತು, ಮರುವರ್ಷ ಅವರು 35 ಹೋಮ್ ರನ್ ಹೊಡೆದರು. ತಂಡ ಕಟ್ಟಿದ ಆಂಡ್ರ್ಯೂ ಫ್ರೀಡ್‌ಮನ್ ಬಂದದ್ದು ಜುಗ್ಗತನಕ್ಕೆ ಹೆಸರಾದ ಟ್ಯಾಂಪಾ ಬೇ ರೇಸ್‌ನಿಂದ. ಟ್ಯಾಂಪಾದ ವಿದ್ಯೆಗೆ ಲಾಸ್ ಏಂಜಲೀಸ್‌ನ ಹಣ ಸೇರಿತು. ಆ ಹಣ ತಂದುಕೊಡುವುದು ಎರಡನೇ ಅವಕಾಶವನ್ನು. ಒಬ್ಬ ಪಿಚರ್ ಗಾಯಗೊಂಡರೆ ಅಷ್ಟೇ ಬಲದ ಇನ್ನೊಬ್ಬ ಇರುತ್ತಾನೆ. ಬರೀ ಹಣ ಇದ್ದರೆ 2023ರ ನ್ಯೂಯಾರ್ಕ್ ಮೆಟ್ಸ್ ತಂಡದ ಗತಿಯಾಗುತ್ತದೆ. ನಲವತ್ತರ ಆಸುಪಾಸಿನ ಪಿಚರ್‌ಗಳಾದ ಶರ್ಜರ್, ವರ್ಲ್ಯಾಂಡರ್‌ಗೆ ವರ್ಷಕ್ಕೆ ತಲಾ 43 ಮಿಲಿಯನ್ ಮೀರಿ ಕೊಟ್ಟು, 75 ಗೆದ್ದು 87 ಸೋತು, ಸೀಸನ್ ಮಧ್ಯದಲ್ಲೇ ಇಬ್ಬರನ್ನೂ ಬೇರೆ ಬೇರೆ ತಂಡಗಳಿಗೆ ಕಳಿಸಬೇಕಾಯಿತು.

ಮಿತವ್ಯಯದ ಮಿಲ್ವಾಕಿ ಬ್ರೂವರ್ಸ್ ತಂಡದ ಬಗ್ಗೆ ಆರನೇ ಪ್ಯಾರಾ ಇದೆಯಲ್ಲ, ಅದನ್ನು ಮೇಲಕ್ಕೆ ತನ್ನಿ. 2025ರಲ್ಲಿ ಎಲ್ಲರಿಗಿಂತ ಹೆಚ್ಚು, 97 ಪಂದ್ಯ ಗೆದ್ದರು. ಸೀಸನ್‌ನಲ್ಲಿ ಡಾಡ್ಜರ್ಸ್ ಜೊತೆ ಆಡಿದ ಆರೂ ಪಂದ್ಯ ಗೆದ್ದರು. ಅಕ್ಟೋಬರ್‌ನಲ್ಲಿ ಅದೇ ಡಾಡ್ಜರ್ಸ್‌ಗೆ 4–0 ಸೋತರು, ಪ್ರತಿ ಪಂದ್ಯದಲ್ಲೂ ಒಂದೇ ರನ್. ಸೀಸನ್‌ಗೆ ಐದು ಪಿಚರ್ ಬೇಕು, ಅಕ್ಟೋಬರ್‌ಗೆ ಅತಿ ಶ್ರೇಷ್ಠರಾದ ಮೂವರು ಸಾಕು, ಆ ಮೂವರ ಬೆಲೆಯೇ ದುಬಾರಿ. ಈ ವಾದ ನಿಮ್ಮ ತೀರ್ಪಿಗೆ ವಿರುದ್ಧ, ಆದರೂ ಅದಕ್ಕೆ ಉತ್ತರ ಕೊಡದೆ ಲೇಖನ ನಿಲ್ಲದು.

ಕೊನೆಯ ಸಾಲು, ‘ನಮ್ಮ ಆರ್‌ಸಿಬಿಯೂ 2025ರಲ್ಲಿ ಇದನ್ನೇ ಸಾಬೀತು ಮಾಡಿತು’, ತೆಗೆದುಬಿಡಿ. ಐಪಿಎಲ್‌ನ ಆ ಹರಾಜಿಗೆ ಹತ್ತೂ ತಂಡಗಳಿಗೆ ಮಿತಿ ತಲಾ 120 ಕೋಟಿ ರೂಪಾಯಿ. ಬೇಸ್‌ಬಾಲ್‌ನಲ್ಲಿ ಅಂಥ ಮಿತಿಯೇ ಇಲ್ಲ, 2025ರಲ್ಲಿ 241 ಮಿಲಿಯನ್ ದಾಟಿದವರು ತೆರಿಗೆ ಕಟ್ಟಿ ಮುಂದೆ ಹೋಗಬಹುದಿತ್ತು. ಇಷ್ಟು ತಿದ್ದಿ ಮತ್ತೆ ಕಳಿಸಿ, ಓದುತ್ತೇನೆ.

— ಸಂಪಾದಕ