ಹಳದಿ ರಿಬ್ಬನ್‌ನಿಂದ ಎಂಡೊಮೆಟ್ರಿಯೋಸಿಸ್ ಪೇಷಂಟ್‌ಗಳಿಗೆ ಏನಾದರೂ ಸಿಕ್ಕಿದೆಯಾ?

ಎಂಡೊಮೆಟ್ರಿಯೋಸಿಸ್ ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆದು ನೋವು ಕೊಡುವ ಕಾಯಿಲೆ. ಇದರ ಜಾಗೃತಿ ತಿಂಗಳಾದ ಮಾರ್ಚ್ ಬಂದರೆ ಹಳದಿ ರಿಬ್ಬನ್, ಪೋಸ್ಟರ್, ನಡಿಗೆ. ಇದರಿಂದ ನಮಗೇನು ಸಿಕ್ಕಿತು ಅಂತ ಕೇಳಿದ್ದೀರಿ. ನನಗೂ ಇದೇ ಕಾಯಿಲೆ, ಹಾಗಾಗಿ ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಬರೀ ರಿಬ್ಬನ್‌ನಿಂದ ಏನೂ ಆಗುವುದಿಲ್ಲ. ಆದರೆ ಪೇಷಂಟ್‌ಗಳು ಡಾಕ್ಟರು, ಸಂಶೋಧಕರ ಜೊತೆ ಸೇರಿ ಪಟ್ಟು ಹಿಡಿದ ಕಡೆ ಕೆಲಸ ಆಗಿದೆ.

ಆಸ್ಟ್ರೇಲಿಯಾ ನೋಡಿ. ಅಲ್ಲಿನ ಪೇಷಂಟ್ ಸಂಘಗಳು ಒಕ್ಕೂಟ ಕಟ್ಟಿಕೊಂಡು ಸಂಸದರ ಬೆನ್ನು ಬಿದ್ದವು. 2017ರ ಡಿಸೆಂಬರ್‌ನಲ್ಲಿ ಆರೋಗ್ಯ ಸಚಿವ ಗ್ರೆಗ್ ಹಂಟ್, ಇಷ್ಟು ವರ್ಷ ಈ ಕಾಯಿಲೆಯನ್ನು ಗಮನಿಸದೆ ಹೋದದ್ದಕ್ಕೆ ಕ್ಷಮೆ ಕೇಳಿದರು. ಮರುವರ್ಷ ರಾಷ್ಟ್ರೀಯ ಯೋಜನೆಯೇ ಬಂತು, ಸಂಶೋಧನೆಗೆ ದುಡ್ಡೂ ಬಂತು. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಮುಂದೆ ಯಾವುದರ ಬಗ್ಗೆ ಸಂಶೋಧನೆ ಆಗಬೇಕು ಅನ್ನುವುದನ್ನು ಪೇಷಂಟ್‌ಗಳೂ ವೈದ್ಯರೂ ಕೂಡಿಯೇ ಆರಿಸಿದರು. 2017ರಲ್ಲಿ ಪ್ರಕಟವಾದ ಆ ಹತ್ತರ ಪಟ್ಟಿಯಲ್ಲಿ ಮೊದಲ ಪ್ರಶ್ನೆ: ಇದನ್ನು ಪೂರ್ತಿ ಗುಣ ಮಾಡಲು ಸಾಧ್ಯವಾ?

ನನಗೆ ಜಾಸ್ತಿ ಮುಖ್ಯ ಅನಿಸುವುದು ಯಾರೂ ಪೋಸ್ಟರ್ ಮಾಡದ ಒಂದು ಕೆಲಸ. ನನ್ನ ಲ್ಯಾಪ್ರೊಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಆದಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದ್ದದ್ದು ಒಂದೇ ಸಾಲು: ಎಡ ಅಂಡಾಶಯದ ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಿಂದ ಆಗುವ, ಹಳೆಯ ರಕ್ತ ತುಂಬಿದ ಗಂಟು) ತೆಗೆಯಲಾಗಿದೆ. ಎಷ್ಟು ದೊಡ್ಡದಿತ್ತು, ಕರುಳಿಗೆ ಅಂಟಿತ್ತಾ, ಬೇರೆ ಕಡೆ ಈ ಕಾಯಿಲೆಯ ಕಲೆಗಳಿದ್ದವಾ, ಯಾವ ಬಣ್ಣದವು? ಏನೂ ಇಲ್ಲ. ಇಂಥ ಸಾಲು ಸಾವಿರ ಕೂಡಿಸಿದರೂ ಸಂಶೋಧಕರಿಗೆ ಪ್ರಯೋಜನವಿಲ್ಲ, ಅಲ್ವಾ? ಅದಕ್ಕೇ ವರ್ಲ್ಡ್ ಎಂಡೊಮೆಟ್ರಿಯೋಸಿಸ್ ರಿಸರ್ಚ್ ಫೌಂಡೇಶನ್ ಹಲವು ದೇಶಗಳ ತಜ್ಞರನ್ನು ಸೇರಿಸಿ 2014ರಲ್ಲಿ 'ಎಫೆಕ್ಟ್' ಎಂಬ ಒಂದೇ ಅಳತೆಗೋಲು ತಂದಿತು. ಆಪರೇಷನ್‌ನಲ್ಲಿ ಕಂಡದ್ದನ್ನು ಹೇಗೆ ಬರೆಯಬೇಕು, ಪೇಷಂಟ್‌ಗೆ ಏನೇನು ಕೇಳಬೇಕು, ರಕ್ತ ಮತ್ತು ಅಂಗಾಂಶದ ಸ್ಯಾಂಪಲ್ ಹೇಗೆ ಇಡಬೇಕು, ಎಲ್ಲ ಅದರಲ್ಲಿದೆ.

ದಾಖಲೆ ಒಂದೇ ಥರ ಇದ್ದರೆ ಹಲವು ಕಡೆಯ ಮಾಹಿತಿಯನ್ನು ಕೂಡಿಸುವುದು ಸುಲಭ. 2023ರಲ್ಲಿ ಬಂದ ದೊಡ್ಡ ಜೆನೆಟಿಕ್ ಅಧ್ಯಯನದಲ್ಲಿ ಈ ಕಾಯಿಲೆಯಿರುವ 60,674 ಹೆಂಗಸರ ಮಾಹಿತಿ ಇತ್ತು. ಕಾಯಿಲೆಗೆ ನಂಟಿರುವ 42 ಜಾಗಗಳು ಡಿಎನ್‌ಎಯಲ್ಲಿ ಸಿಕ್ಕವು. ಆದರೆ ಅವರಲ್ಲಿ ಬಹುಪಾಲು ಯುರೋಪ್ ಮೂಲದವರು. ಭಾರತದ ಹೆಂಗಸರ ಮಾಹಿತಿ ಕಲೆಹಾಕಲು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮುಂಬೈ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ, ಎನ್‌ಐಆರ್‌ಆರ್‌ಸಿಎಚ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜೊತೆ ಸೇರಿ ದೇಶದ ಹಲವು ಆಸ್ಪತ್ರೆಗಳಲ್ಲಿ ಅಧ್ಯಯನ ಕೈಗೊಂಡಿತು.

ನೀವು ಏನು ಮಾಡಬಹುದು? ಆಪರೇಷನ್ ಆಗಿದ್ದರೆ ಪೂರ್ತಿ ಆಪರೇಷನ್ ನೋಟ್ಸ್ ಮತ್ತು ಬಯಾಪ್ಸಿ ರಿಪೋರ್ಟ್ ಕೇಳಿ ಪಡೆಯಿರಿ. ನೋವಿನ ಡೈರಿ ಇಡಿ: ತಾರೀಖು, ಎಲ್ಲಿ ನೋವು, ಹತ್ತಕ್ಕೆ ಎಷ್ಟು, ಯಾವ ಮಾತ್ರೆ, ಆಫೀಸಿಗೆ ಹೋದಿರಾ ಇಲ್ವಾ. ಸುಮ್ನೆ 'ತುಂಬಾ ನೋವು' ಅಂದರೆ 'ಮದುವೆ ಆದರೆ ಸರಿಹೋಗುತ್ತೆ' ಅನ್ನುವವರು ಇನ್ನೂ ಇದ್ದಾರೆ. ಮೂರು ತಿಂಗಳ ಪಟ್ಟಿ ಮುಂದಿಟ್ಟರೆ ಹಾಗನ್ನುವುದು ಕಷ್ಟ. ಸ್ಕ್ಯಾನ್ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲೂ ಅಲ್ಲ.

ಮುಂದೆ ಯಾವುದಾದರೂ ಅಧ್ಯಯನಕ್ಕೆ ಕರೆ ಬಂದರೆ ಎಥಿಕ್ಸ್ ಕಮಿಟಿಯ (ಭಾಗವಹಿಸುವವರ ಹಿತ ಕಾಯಲು ಅಧ್ಯಯನವನ್ನು ಪರಿಶೀಲಿಸುವ ಸಮಿತಿ) ಒಪ್ಪಿಗೆ ಇದೆಯಾ ಎಂದು ಮೊದಲು ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲೇ ಬೇಕು ಅನ್ನಿ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ನಿಮ್ಮ ಚಿಕಿತ್ಸೆಗೆ ತೊಂದರೆ ಆಗಬಾರದು. ಸೇರಲು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.