ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕರಪ್ಟ್ ಆಗಿದೆ, ಫೈಲ್ಸ್ ವಾಪಸ್ ತೆಗೆಯೋಕೆ ಯಾವ ಫ್ರೀ ಸಾಫ್ಟ್‌ವೇರ್ ಒಳ್ಳೇದು? ಎರಡು ಫೋಲ್ಡರ್ ಓಪನ್ ಮಾಡಿದ್ರೆ "ಕರಪ್ಟೆಡ್ ಆ್ಯಂಡ್ ಅನ್‌ರೀಡಬಲ್" ಅಂತ ಬರ್ತಿದೆ, ಒಮ್ಮೊಮ್ಮೆ ಡಿಸ್ಕ್ ಫಾರ್ಮ್ಯಾಟ್ ಮಾಡಿ ಅಂತಲೂ ಕೇಳುತ್ತೆ. ಫ್ರೆಂಡ್ ಚೆಕ್‌ಡಿಸ್ಕ್ (ವಿಂಡೋಸಲ್ಲೇ ಇರೋ ಡಿಸ್ಕ್ ರಿಪೇರಿ ಕಮ್ಯಾಂಡು) ಹಾಕು ಅಂತಿದಾನೆ

ಫ್ರೆಂಡ್ ಮಾತು ಕೇಳ್ಬೇಡಿ. ಇನ್ನೂ ಚೆಕ್‌ಡಿಸ್ಕ್ ಹಾಕಿಲ್ಲ ಅಂದ್ರೆ ಸೇಫ್ಲಿ ರಿಮೂವ್ ಕೊಟ್ಟು ಡಿಸ್ಕ್ ಕಳಚಿ ಪಕ್ಕಕ್ಕಿಡಿ, ಆಮೇಲೆ ಮುಂದಕ್ಕೆ ಓದಿ.

ನಿಮಗೆ ಎರಡು ಫೋಲ್ಡರಲ್ಲಿ "ಕರಪ್ಟೆಡ್ ಆ್ಯಂಡ್ ಅನ್‌ರೀಡಬಲ್" ಅಂತ ಬರ್ತಿದೆ ಅಂದ್ರಲ್ಲ, ನನಗೆ ಬಂದಿದ್ದೂ ಅದೇ ಮೆಸೇಜು. ನಾನು ಮೈಸೂರಲ್ಲಿ ಸರಸ್ವತಿಪುರಂ ಕಡೆ ಒಂದು ಸಣ್ಣ ಡಿಟಿಪಿ ಅಂಗಡಿ ಇಟ್ಟಿದೀನಿ. ಜೆರಾಕ್ಸು, ಸ್ಪೈರಲ್ ಬೈಂಡಿಂಗು, ಲಗ್ನಪತ್ರಿಕೆ, ಮತ್ತೆ ಮುಖ್ಯವಾಗಿ ಮಾನಸಗಂಗೋತ್ರಿ ಯೂನಿವರ್ಸಿಟಿ ಹುಡುಗ್ರ ಥೀಸಿಸ್ ಟೈಪಿಂಗು. ಅಂಗಡಿ ಶುರು ಮಾಡಿದಾಗಿಂದ ಟೈಪ್ ಮಾಡಿದ್ದೆಲ್ಲ ಒಂದು 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕಲ್ಲಿತ್ತು. ಬ್ಯಾಕಪ್ ಇರ್ಲಿಲ್ವಾ ಅಂತ ಕೇಳೋರಿಗೆ: ಅದೇ ನನ್ನ ಬ್ಯಾಕಪ್ಪು, ಸಿಸ್ಟಮ್ಮಲ್ಲಿ ಜಾಗ ಸಾಲಲ್ಲ ಅಂತ ಅದಕ್ಕೆ ಕಾಪಿ ಮಾಡಿ ಇಲ್ಲಿ ಡಿಲೀಟ್ ಮಾಡ್ತಿದ್ದೆ. ಬೈಯೋದಿದ್ರೆ ಬೈರಿ, ನಮ್ಮ ಮನೇಲಿ ಆಗ್ಲೇ ಬೈದಾಗಿದೆ.

ಅವತ್ತು ಅಂಗಡಿಲಿ ಒಬ್ರು ಪಿಎಚ್‌ಡಿ ಮೇಡಂ ಕೂತಿದ್ರು. ನಾಗಮಂಗಲ ಕಡೆ ಊರೂರು ತಿರುಗಿ ಅಜ್ಜಿಯರ ಹತ್ರ ಸೋಬಾನೆ ಪದ ಬರ್ಕೊಂಡು ಬಂದು ಅನುಬಂಧಕ್ಕೆ ಸೇರಿಸಿದ್ರು, ಥೀಸಿಸ್ಸಿಗಿಂತ ಅನುಬಂಧವೇ ದಪ್ಪ. ಅಧ್ಯಾಯಗಳ ಪ್ರಿಂಟ್ ಅವರ ಗೈಡ್ ಹತ್ರ ಇತ್ತು, ಅನುಬಂಧ ಮಾತ್ರ ಇನ್ನೂ ಪ್ರಿಂಟ್ ಹಾಕಿರ್ಲಿಲ್ಲ. ಫೋಲ್ಡರ್ ಓಪನ್ ಮಾಡಿದೆ, ಮೇಲ್ಗಡೆ ಹಸಿರು ಪಟ್ಟಿ ಹೋಗ್ತಾ ಹೋಗ್ತಾ ನಿಂತ್ಕೊಳ್ತು, ಆಮೇಲೆ ಈ ಮೆಸೇಜು. "ಯಾಕಣ್ಣಾ, ಓಪನ್ ಆಗ್ತಿಲ್ವಾ?" ಅಂದ್ರು. "ಏನಿಲ್ಲ ಮೇಡಂ, ವಿಂಡೋಸ್ ಕಿರಿಕ್ಕು, ಎರಡು ನಿಮಿಷ" ಅಂದೆ. ಅಂದು ಕಮ್ಯಾಂಡ್ ಪ್ರಾಂಪ್ಟ್ ಓಪನ್ ಮಾಡಿ ಚೆಕ್‌ಡಿಸ್ಕ್, ಡ್ರೈವ್ ಅಕ್ಷರ, ಸ್ಲ್ಯಾಶ್ ಎಫ್, ಎಂಟರ್. ಯಾವ್ದೋ ವೀಡಿಯೋದಲ್ಲಿ ನೋಡಿದ್ದು, ಮೊದ್ಲು ಒಂದು ಪೆನ್‌ಡ್ರೈವಿಗೆ ಕೆಲಸ ಮಾಡಿತ್ತು ಕೂಡ. ಅದೂ ಅಲ್ದೆ ಕಪ್ಪು ಸ್ಕ್ರೀನಲ್ಲಿ ಕಮ್ಯಾಂಡ್ ಹೊಡೆದ್ರೆ ಕಸ್ಟಮರ್ ಮುಂದೆ ಒಂದು ಗತ್ತಿರುತ್ತಲ್ಲ.

ಸುಮಾರು ಹೊತ್ತು ಏನೇನೋ ನಂಬರ್ ಓಡಿ, ಕೊನೇಲಿ "ವಿಂಡೋಸ್ ಹ್ಯಾಸ್ ಮೇಡ್ ಕರೆಕ್ಷನ್ಸ್ ಟು ದ ಫೈಲ್ ಸಿಸ್ಟಮ್" ಅಂತ ಬಂತು. ಮೇಡಂ ಅದನ್ನ ಓದಿ "ಸರಿಹೋಯ್ತು ಅಂತಿದೆ ಅಲ್ವಾ ಅಣ್ಣಾ?" ಅಂದ್ರು. ಡ್ರೈವ್ ಓಪನ್ ಮಾಡಿದೆ, ಎರರ್ರೇ ಇಲ್ಲ, ಯಾಕಂದ್ರೆ ಆ ಫೋಲ್ಡರ್ರೇ ಇಲ್ಲ. ಅದು ಮಾತ್ರ ಅಲ್ಲ, ಅದರ ಜೊತೆ ಇನ್ನೆಷ್ಟೋ ಹೋಗಿತ್ತು, ಡಿಸ್ಕಲ್ಲಿ ಖಾಲಿ ಜಾಗ ಮಾತ್ರ ಜಾಸ್ತಿ ಆಗಿತ್ತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಎಲ್ಲರೂ ತಪ್ಪು ತಿಳ್ಕೊಂಡಿರೋದು ಇಲ್ಲೇ. ಚೆಕ್‌ಡಿಸ್ಕ್ ಇರೋದು ನಿಮ್ಮ ಫೈಲ್ ಉಳಿಸೋಕಲ್ಲ, ಫೈಲ್ ಸಿಸ್ಟಮ್ಮಿನ ಲೆಕ್ಕ ಸರಿ ಮಾಡೋಕೆ. ಎನ್‌ಟಿಎಫ್‌ಎಸ್ (ವಿಂಡೋಸಲ್ಲಿ ಸಾಮಾನ್ಯವಾಗಿ ಬಳಸೋ ಫಾರ್ಮ್ಯಾಟು) ಡಿಸ್ಕಲ್ಲಿ ಎಮ್‌ಎಫ್‌ಟಿ ಅಂತ ಒಂದು ಟೇಬಲ್ ಇರುತ್ತೆ, ಪ್ರತಿ ಫೈಲಿಗೂ ಅದರಲ್ಲಿ ಒಂದು ರೆಕಾರ್ಡು, ಸಾಮಾನ್ಯವಾಗಿ 1024 ಬೈಟು. ಫೈಲ್ ಹೆಸರೇನು, ಸೈಜೆಷ್ಟು, ಡಿಸ್ಕಲ್ಲಿ ಯಾವ್ಯಾವ ಜಾಗದಲ್ಲಿ ಕೂತಿದೆ, ಎಲ್ಲ ಅಲ್ಲಿ ಬರೆದಿರುತ್ತೆ. ಸ್ಕೂಲಿನ ಹಾಜರಿ ಪುಸ್ತಕ ಮಳೇಲಿ ನೆಂದಿದೆ ಅನ್ಕೊಳ್ಳಿ, ಲೆಕ್ಕ ಸರಿ ಮಾಡು ಅಂತ ಕರೆಸಿದ ಗುಮಾಸ್ತ ಓದೋಕಾಗದ ಹೆಸರನ್ನೆಲ್ಲ ಹೊಡೆದುಹಾಕಿ ಒಟ್ಟು ಟ್ಯಾಲಿ ಮಾಡಿ ಸೈನ್ ಹಾಕಿ ಹೋಗ್ತಾನೆ. ಹುಡುಗ ಕ್ಲಾಸಲ್ಲೇ ಕೂತಿದಾನೆ, ಪುಸ್ತಕದಲ್ಲಿ ಮಾತ್ರ ಇಲ್ಲ. ಚೆಕ್‌ಡಿಸ್ಕ್ ಮಾಡಿದ್ದು ಇದನ್ನೇ. ಓದೋಕಾಗದ ರೆಕಾರ್ಡನ್ನ ತೆಗೆದುಹಾಕಿ, ಆ ಫೈಲ್ ಇದ್ದ ಜಾಗ ಖಾಲಿ ಅಂತ ಗುರುತು ಹಾಕ್ತು. ಡಿಸ್ಕ್ ಆರೋಗ್ಯವಾಗಿದ್ದು, ಕರೆಂಟ್ ಹೋಗಿಯೋ ಕೇಬಲ್ ಕಿತ್ತೋ ಬರೀ ಲೆಕ್ಕ ತಪ್ಪಿದ್ರೆ ಇದು ಒಳ್ಳೇ ಟೂಲೇ, ನನ್ನ ಪೆನ್‌ಡ್ರೈವಿಗೆ ಕೆಲಸ ಮಾಡಿದ್ದು ಅದಕ್ಕೇ. ಆದ್ರೆ ನನ್ನ ಡಿಸ್ಕಲ್ಲಿ ಸೆಕ್ಟರ್‌ಗಳೇ (ಡೇಟಾ ಕೂರೋ ಸಣ್ಣ ಸಣ್ಣ ಖಾನೆಗಳು) ಸಾಯ್ತಾ ಇದ್ವು, ಇನ್ನೊಂದಷ್ಟು ಸಲ ನಿಧಾನಕ್ಕೆ ಓದಿದ್ರೆ ಬಹುಶಃ ಸಿಗ್ತಿದ್ದ ರೆಕಾರ್ಡುಗಳನ್ನ ನಾನೇ ಕೈಯಾರೆ ಹೊಡೆದುಹಾಕಿಸಿದೆ. ಅದಕ್ಕೆ ಅನ್‌ಡೂ ಇಲ್ಲ. ಇನ್ನು ಸ್ಲ್ಯಾಶ್ ಆರ್ ಹಾಕಿದ್ರಂತೂ ಸಾಯ್ತಿರೋ ಡಿಸ್ಕಿನ ಒಂದೊಂದು ಸೆಕ್ಟರನ್ನೂ ಓದಿಸುತ್ತೆ, ಗಂಟೆಗಟ್ಟಲೆ.

ನೀವಾಗಿ ಹಾಕದಿದ್ರೂ ವಿಂಡೋಸೇ ಹಾಕಿಬಿಡುತ್ತೆ, ಅದೂ ಗೊತ್ತಿರ್ಲಿ. ಡಿಸ್ಕ್ ಚುಚ್ಚಿದ ತಕ್ಷಣ "ಸ್ಕ್ಯಾನ್ ಆ್ಯಂಡ್ ಫಿಕ್ಸ್" ಅಂತ ಒಳ್ಳೇವನ ಥರ ಬರೋ ಬಟನ್ ಇದೆಯಲ್ಲ, ಅದರೊಳಗೂ ಇದೇ ಚೆಕ್‌ಡಿಸ್ಕು. ಡಿಸ್ಕ್ ಸಿಕ್ಕಿಸಿಯೇ ರೀಸ್ಟಾರ್ಟ್ ಮಾಡಿದ್ರೆ ಬೂಟ್ ಆಗೋವಾಗ ತಾನೇ ಶುರು ಹಚ್ಕೊಳ್ಳಬಹುದು, ಯಾವುದಾದ್ರೂ ಕೀ ಒತ್ತಿ ಸ್ಕಿಪ್ ಮಾಡಬೇಕು. ಒಮ್ಮೊಮ್ಮೆ ಫಾರ್ಮ್ಯಾಟ್ ಮಾಡಿ ಅಂತಲೂ ಕೇಳುತ್ತೆ ಅಂದಿದೀರಿ, ಕ್ಯಾನ್ಸಲ್ ಕೊಡಿ. ಆಗ ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ನೋಡಿದ್ರೆ ರಾ ಅಂತ ತೋರಿಸ್ತಿರುತ್ತೆ, ಅಂದ್ರೆ ವಿಂಡೋಸಿಗೆ ಅದರ ಫೈಲ್ ಸಿಸ್ಟಮ್ ಗುರುತು ಸಿಗ್ತಿಲ್ಲ ಅಂತ. ರಾ ಡ್ರೈವಿಗೆ ಚೆಕ್‌ಡಿಸ್ಕ್ ನಡೆಯೋದೇ ಇಲ್ಲ, ಪುಣ್ಯ ಅನ್ಕೊಳ್ಳಿ.

ಫಾರ್ಮ್ಯಾಟ್ ಮಾಡಿದ್ರೂ ರಿಕವರಿ ಆಗುತ್ತೆ ಬಿಡಿ ಅನ್ನೋರು ಸಿಗ್ತಾರೆ. ಹಳೇ ಡಿಸ್ಕಲ್ಲಿ ಕ್ವಿಕ್ ಫಾರ್ಮ್ಯಾಟಿಗೆ ಅದು ನಿಜ. ಈಗಿನ ಎಸ್‌ಎಸ್‌ಡಿಯಲ್ಲಿ, ಕೆಲವು ಹೊಸ ಪೋರ್ಟಬಲ್ ಹಾರ್ಡ್ ಡಿಸ್ಕಲ್ಲೂ, ಟ್ರಿಮ್ ಅಂತ ಒಂದಿದೆ, ಯಾವ ಜಾಗ ಇನ್ನು ಬೇಡ ಅಂತ ವಿಂಡೋಸು ಡಿಸ್ಕಿಗೆ ಹೇಳೋ ವ್ಯವಸ್ಥೆ. ಫಾರ್ಮ್ಯಾಟ್ ಹೊಡೆದ ಮೇಲೆ ಹಳೇ ಜಾಗ ಓದಿದ್ರೆ ಸಾಮಾನ್ಯವಾಗಿ ಬರೀ ಸೊನ್ನೆ ಬರುತ್ತೆ. ಆಮೇಲೆ ರಿಕವರಿ ಸಾಫ್ಟ್‌ವೇರಿಂದ ಆಗಲ್ಲ.

ನನ್ನ ಕಥೆಗೆ ಬರ್ತೀನಿ. ಪಕ್ಕದ ಮೆಡಿಕಲ್ ಸ್ಟೋರ್ ಅವರ ಮಗ ಇಂಜಿನಿಯರಿಂಗ್ ಓದ್ತಿದ್ದ, ಅವನನ್ನ ಕರೆದೆ. ಬಂದವನು ಮೊದ್ಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿದ, ಡಿಸ್ಕಿನ ಆರೋಗ್ಯ ತೋರಿಸೋ ಸಾಫ್ಟ್‌ವೇರ್ ಅದು. ಹಳದಿ ಬಣ್ಣದಲ್ಲಿ ಕಾಷನ್ ಅಂತಿತ್ತು. ಅದರಲ್ಲಿ 05, ಸಿ5, ಸಿ6 ಅಂತ ಮೂರು ಸಾಲು ನೋಡಬೇಕು. 05 ಅಂದ್ರೆ ಕೆಟ್ಟು ಬದಲಿ ಜಾಗ ಕೊಟ್ಟಿರೋ ಸೆಕ್ಟರ್‌ಗಳು, ಸಿ6 ಅಂದ್ರೆ ಸರಿಪಡಿಸೋಕಾಗದವು, ಸಿ5 ಅಂದ್ರೆ ಸದ್ಯಕ್ಕೆ ಓದೋಕಾಗದೆ ಪೆಂಡಿಂಗ್ ಇರೋ ಸೆಕ್ಟರ್‌ಗಳು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನಿದ್ರೂ ಚೆಕ್‌ಡಿಸ್ಕ್ ಕಡೆ ತಲೆ ಹಾಕಬಾರದು. (ಅದು ಸಂಖ್ಯೆಗಳನ್ನ ಹೆಕ್ಸಲ್ಲಿ ತೋರಿಸುತ್ತೆ, ಗಾಬರಿ ಆಗ್ಬೇಡಿ, ಸೆಟಿಂಗಲ್ಲಿ ಡೆಸಿಮಲ್ ಮಾಡ್ಕೋಬಹುದು.) "ಅಂಕಲ್, ಇದನ್ನ ಮೊದ್ಲೇ ನೋಡ್ಬೇಕಿತ್ತು" ಅಂದ. ಗೊತ್ತಪ್ಪ, ಈಗೇನ್ ಮಾಡೋದು ಹೇಳು ಅಂದೆ.

ಅವನು ಪೆನ್‌ಡ್ರೈವಿಂದ ಲಿನಕ್ಸ್ ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನೋದರಲ್ಲಿ ಇಡೀ ಡಿಸ್ಕನ್ನ ಇನ್ನೊಂದು ಡಿಸ್ಕಿಗೆ ಒಂದೇ ದೊಡ್ಡ ಇಮೇಜ್ ಫೈಲಾಗಿ (ಫೋಟೋ ಅಲ್ಲ, ಡಿಸ್ಕಿನ ಪಡಿಯಚ್ಚು) ಎಳೆದ. ಅದರ ಬುದ್ಧಿ ನನಗೆ ತುಂಬ ಹಿಡಿಸ್ತು. ಮೊದಲ ಸುತ್ತಲ್ಲಿ ಸುಲಭಕ್ಕೆ ಬರೋ ಜಾಗ ಎಲ್ಲ ಎತ್ಕೊಳ್ಳುತ್ತೆ, ಕಷ್ಟ ಇರೋದನ್ನ ಬಿಟ್ಟು ಮುಂದಕ್ಕೆ ಹೋಗುತ್ತೆ, ಆಮೇಲೆ ತಿರುಗಿ ಬಂದು ಬಿಟ್ಟಿದ್ದನ್ನ ಕೆದಕುತ್ತೆ. ಮ್ಯಾಪ್ ಫೈಲ್ ಅಂತ ಒಂದು ಕೊಟ್ಟಿದ್ರೆ ಮಧ್ಯದಲ್ಲಿ ಕರೆಂಟ್ ಹೋದ್ರೂ ನಿಂತಲ್ಲಿಂದ್ಲೇ ಮುಂದುವರಿಯುತ್ತೆ, ಆ ಫೈಲ್ ಕೊಡೋದು ಮಾತ್ರ ಮರೀಬೇಡಿ. ಮತ್ತೆ ಕಮ್ಯಾಂಡಲ್ಲಿ ಮೊದ್ಲು ಕೆಟ್ಟ ಡಿಸ್ಕ್, ಆಮೇಲೆ ಇಮೇಜ್ ಫೈಲ್, ಕೊನೆಗೆ ಮ್ಯಾಪ್ ಫೈಲ್. ಯಾವುದು ಯಾವ ಡಿಸ್ಕು ಅಂತ ಸೈಜ್ ನೋಡಿ ಖಾತ್ರಿ ಮಾಡ್ಕೊಳ್ಳಿ, ಹಿಂದುಮುಂದಾದ್ರೆ ಕಥೆ ಮುಗೀತು. 1 ಟಿಬಿ ಡಿಸ್ಕಿನ ಇಮೇಜು ಇನ್ನೊಂದು 1 ಟಿಬಿ ಡಿಸ್ಕಿನೊಳಗೆ ಫೈಲಾಗಿ ಹಿಡಿಯಲ್ಲ, 2 ಟಿಬಿದು ತಗೊಳ್ಳಿ. ಅದರ ಫಾರ್ಮ್ಯಾಟ್ ಫ್ಯಾಟ್32 ಆಗಿರ್ಬಾರದು, 4 ಜಿಬಿಗಿಂತ ದೊಡ್ಡ ಫೈಲ್ ಅದು ತಗೊಳ್ಳಲ್ಲ. ಚೆನ್ನಾಗಿರೋ ಡಿಸ್ಕಾದ್ರೆ 1 ಟಿಬಿ ಮೂರು ನಾಲ್ಕು ಗಂಟೆಲಿ ಮುಗಿಯುತ್ತೆ, ಕೆಟ್ಟಿದ್ರೆ ದಿನಗಟ್ಟಲೆ. ನಂದು ದಿನಗಟ್ಟಲೆ.

ಇಮೇಜ್ ಸಿಕ್ಕಿದ ಮೇಲೆ ಮೂಲ ಡಿಸ್ಕನ್ನ ಮುಟ್ಟಲೇ ಇಲ್ಲ. ಚೆಕ್‌ಡಿಸ್ಕ್ ಬಿಟ್ಟುಹೋಗಿದ್ದ ಫೌಂಡ್.000 ಅನ್ನೋ ಫೋಲ್ಡರ್ ಮೊದ್ಲು ನೋಡಿದ್ವಿ, ಅದು ಹಿಡನ್ ಇರುತ್ತೆ. ನೀವು ಈಗಾಗ್ಲೇ ಫ್ರೆಂಡ್ ಮಾತು ಕೇಳಿಬಿಟ್ಟಿದ್ರೆ ಅಲ್ಲಿ ಡಿಐಆರ್ ಅಂತ ಶುರುವಾಗೋ ಫೋಲ್ಡರ್‌ಗಳನ್ನ ತೆಗೆದು ನೋಡಿ, ಒಮ್ಮೊಮ್ಮೆ ಒಳಗೆ ಫೈಲ್‌ಗಳು ಹೆಸರಿನ ಸಮೇತ ಇರ್ತವೆ. ನನಗೆ ಕೆಲವು ಲಗ್ನಪತ್ರಿಕೆ ಸಿಕ್ತು. ಮದುವೆ ಆಗಿ ಮಕ್ಕಳಾಗಿರೋರದ್ದು, ತಗೊಂಡು ಏನ್ ಮಾಡ್ಲಿ.

ಆಮೇಲೆ ಫೋಟೋರೆಕ್. ಹೆಸರು ನೋಡಿ ಫೋಟೋಗೆ ಮಾತ್ರ ಅನ್ಕೋಬೇಡಿ, ವರ್ಡು ಪಿಡಿಎಫ್ಫು ಎಲ್ಲ ತೆಗೆಯುತ್ತೆ, ಪೂರ್ತಿ ಫ್ರೀ. ಅದು ಎಮ್‌ಎಫ್‌ಟಿ ನೋಡೋದೇ ಇಲ್ಲ, ಪ್ರತಿ ಥರದ ಫೈಲೂ ಶುರುವಾಗೋ ಬೈಟುಗಳ ಗುರುತು ಹಿಡಿದು ಹೆಕ್ಕುತ್ತೆ. ಅದಕ್ಕೇ ಫೈಲ್ ಹೆಸರೂ ಇಲ್ಲ, ಫೋಲ್ಡರೂ ಇಲ್ಲ, ಎಫ್ ಅಕ್ಷರದ ಮುಂದೆ ಒಂದು ಉದ್ದ ನಂಬರ್ ಅಷ್ಟೇ. ರಾಶಿ ರಾಶಿ ಡಾಕ್ ಫೈಲ್ ಬಂತು, ಅದರಲ್ಲಿ ಮೇಡಂದು ಯಾವುದು? "ಸೋಬಾನೆ" ಅಂತ ಕನ್ನಡದಲ್ಲಿ ಸರ್ಚ್ ಕೊಟ್ರೆ ಒಂದೂ ಬರಲ್ಲ. ತಲೆ ಕೆಟ್ಟುಹೋಯ್ತು. ಆಮೇಲೆ ಹೊಳೀತು, ನಾವು ಟೈಪ್ ಮಾಡಿದ್ದು ಹಳೇ ನುಡಿ ಫಾಂಟಲ್ಲಿ, ಯೂನಿಕೋಡ್ ಅಲ್ಲ. ಫೈಲ್ ಒಳಗಿರೋದು ತಲೆ ಮೇಲೆ ಗೀಟು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು, ಫಾಂಟ್ ಹಾಕಿದ್ರೆ ಮಾತ್ರ ಕನ್ನಡ. ನುಡಿ ಆನ್ ಮಾಡ್ಕೊಂಡು, ಫೈಲ್ ಒಳಗಡೆ ಹುಡುಕೋ ಸಾಫ್ಟ್‌ವೇರಲ್ಲಿ ಅದೇ ಪದ ಹೊಡೆದೆ, ಸ್ಕ್ರೀನಲ್ಲಿ ಕಂಡಿದ್ದು ಗೀಚಿದಂಗಿತ್ತು, ಆದ್ರೆ ಫೈಲ್‌ಗಳು ಒಂದರ ಹಿಂದೆ ಒಂದು ಬರೋಕೆ ಶುರುವಾದ್ವು. ಡಿಟಿಪಿಯವರು ಯಾರಾದ್ರೂ ಇದನ್ನ ಓದ್ತಿದ್ರೆ ಈ ಒಂದು ವಿಷಯ ನೆನಪಿಟ್ಕೊಳ್ಳಿ. ಅನುಬಂಧ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ತು. ಮಿಕ್ಕಿದ್ದನ್ನ ಅವರ ನೋಟ್‌ಬುಕ್ ಇಟ್ಕೊಂಡು ನಾನೇ ಮತ್ತೆ ಟೈಪ್ ಮಾಡಿಕೊಟ್ಟೆ, ದುಡ್ಡು ಕೇಳೋ ಮುಖ ಇರ್ಲಿಲ್ಲ. ಬೇರೆಯವರ ಹಳೇ ಥೀಸಿಸ್ ಎಷ್ಟು ಹೋಯ್ತೋ, ಯಾರಾದ್ರೂ ಬಂದು ಕೇಳಿದಾಗ್ಲೇ ಗೊತ್ತಾಗೋದು.

ಈಗ ನಿಮ್ಮ ಪ್ರಶ್ನೆ, ಯಾವ ಸಾಫ್ಟ್‌ವೇರ್ ಒಳ್ಳೇದು. ನನ್ನ ಕೇಳಿದ್ರೆ ಅದು ಈಗ ಕೇಳೋ ಪ್ರಶ್ನೆನೇ ಅಲ್ಲ. ಇಮೇಜ್ ತೆಗೆದಿಟ್ಕೊಂಡ್ರೆ ಹತ್ತು ಸಾಫ್ಟ್‌ವೇರ್ ಹಾಕಿ ಆಟ ಆಡಿ, ಏನೂ ಹಾಳಾಗಲ್ಲ. ಇಮೇಜ್ ಇಲ್ದೆ ಅತಿ ಒಳ್ಳೇ ಸಾಫ್ಟ್‌ವೇರ್ ಹಾಕಿದ್ರೂ ಸಾಯ್ತಿರೋ ಡಿಸ್ಕನ್ನ ಪದೇ ಪದೇ ಓದಿಸಿ ಸಾಯಿಸ್ತೀರಿ. ನೀವಿನ್ನೂ ಚೆಕ್‌ಡಿಸ್ಕ್ ಹಾಕದೇ ಇದ್ರೆ ನಿಮ್ಮ ಎಮ್‌ಎಫ್‌ಟಿ ಬಹುಪಾಲು ಉಳಿದಿರಬಹುದು, ಹಾಗಾಗಿ ಇಮೇಜ್ ಮೇಲೆ ಮೊದ್ಲು ಡಿಎಮ್‌ಡಿಇ ಅಥವಾ ಟೆಸ್ಟ್‌ಡಿಸ್ಕ್ ಹಾಕಿ, ಹೆಸರು ಫೋಲ್ಡರ್ ಸಮೇತ ಬರೋ ಚಾನ್ಸ್ ಇದೆ. ಫೋಟೋರೆಕ್ ಕೊನೆಗೆ. ಟೆಲಿಗ್ರಾಮಲ್ಲಿ ಸಿಗೋ ಕ್ರ್ಯಾಕ್ ವರ್ಷನ್ ಬೇಡ, ಇರೋ ಕಾಯಿಲೆ ಸಾಲದೂಂತ ವೈರಸ್ ಬೇರೆ.

ಇದೆಲ್ಲ ಡಿಸ್ಕ್ ಸದ್ದಿಲ್ದೆ ತಿರುಗ್ತಿದ್ರೆ ಮಾತ್ರ. ಟಿಕ್ ಟಿಕ್ ಅಂತ ಬಡೀತಿದ್ರೆ ಮತ್ತೆ ಚುಚ್ಚಲೇಬೇಡಿ, ಬಹುಶಃ ಹೆಡ್ (ಡೇಟಾ ಓದೋ ಭಾಗ) ಹೋಗಿರುತ್ತೆ, ಡೇಟಾ ಬೇಕೇ ಬೇಕು ಅಂದ್ರೆ ಧೂಳಿಲ್ಲದ ಕ್ಲೀನ್ ರೂಮ್ ಇರೋ ಲ್ಯಾಬಿಗೇ ಕೊಡಬೇಕು, ದುಬಾರಿ. ಅಂಗಡಿ ಟೇಬಲ್ ಮೇಲೆ ಬಿಚ್ಚಿ ನೋಡ್ತೀನಿ ಅನ್ನೋರ ಕೈಗೆ ಕೊಡ್ಬೇಡಿ, ಹೆಡ್ಡಿಗೂ ಪ್ಲೇಟಿಗೂ ನಡುವೆ ಇರೋದು ಕೆಲವೇ ನ್ಯಾನೋಮೀಟರ್, ಒಂದು ಧೂಳಿನ ಕಣ ಸಾಕು. ಫ್ರೀಜರಲ್ಲಿಡಿ ಅನ್ನೋರನ್ನ ಬ್ಲಾಕ್ ಮಾಡಿ. ಕವರ್ ಒಡೆದು ಒಳಗಿನ ಡಿಸ್ಕ್ ನೇರ ಕಂಪ್ಯೂಟರಿಗೆ ಹಾಕೋ ಐಡಿಯಾನೂ ಎಲ್ಲದಕ್ಕೂ ನಡೆಯಲ್ಲ, ಕೆಲವು ಪೋರ್ಟಬಲ್ ಡಿಸ್ಕಲ್ಲಿ ಯುಎಸ್‌ಬಿ ಪೋರ್ಟ್ ಬೋರ್ಡಿಗೇ ಬೆಸುಗೆ ಆಗಿರುತ್ತೆ, ಕೆಲವದರಲ್ಲಿ ಪಾಸ್‌ವರ್ಡ್ ಹಾಕದಿದ್ರೂ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತೆ.

ಮೊದ್ಲು ಇಷ್ಟು ಮಾಡಿ: ಬೇರೆ ಕೇಬಲ್ ತಗೊಳ್ಳಿ, ಆ ಅಗಲ ಪಿನ್ನಿನ ಕೇಬಲ್ ಬೇಗ ಲೂಸ್ ಆಗುತ್ತೆ. ಡೆಸ್ಕ್‌ಟಾಪ್ ಆದ್ರೆ ಸಿಪಿಯು ಹಿಂದಿನ ಪೋರ್ಟಿಗೆ ಹಾಕಿ, ಸ್ಕ್ಯಾನ್ ಆ್ಯಂಡ್ ಫಿಕ್ಸ್ ಬಂದ್ರೆ ಮುಚ್ಚಿ, ಕ್ರಿಸ್ಟಲ್ ಡಿಸ್ಕ್ ಇನ್ಫೋ ಒಂದು ಸಲ ನೋಡಿ ಡಿಸ್ಕ್ ತೆಗೆದುಬಿಡಿ. 05, ಸಿ5, ಸಿ6 ಎಷ್ಟಿದೆ, ಡಿಸ್ಕ್ ಸದ್ದು ಮಾಡುತ್ತಾ, ಒಳಗಿರೋದು ಹಾರ್ಡ್ ಡಿಸ್ಕಾ ಎಸ್‌ಎಸ್‌ಡಿನಾ, ಇಲ್ಲೇ ಕೆಳಗೆ ಬರೀರಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ನೋಡ್ತೀನಿ.